ಕತ್ತರಿ ಕೆಳಗಿಟ್ಟ ವರ್ಷ

ಅರಸೀಕೆರೆಯಲ್ಲಿ ಕೊಬ್ಬರಿ ವಾಸನೆಯನ್ನು ಯಾರೂ ಗಮನಿಸುವುದಿಲ್ಲ. ಅಲ್ಲೇ ಇರುವವರಿಗೆ ಅದು ಮಾಮೂಲಿ. ಕಳೆದ ತಿಂಗಳು ನನಗೆ ಮಾತ್ರ ಅದು ಕೊಬ್ಬರಿ ಮಾರುವ ಮಂಡಿಯ ಹತ್ತಿರ ದಾರಿಗೆ ಅಡ್ಡ ನಿಂತಿತು. ಮಕ್ಕಳ ರಕ್ಷಣೆಯ ಬಗ್ಗೆ ಶಿಕ್ಷಕರಿಗೊಂದು ತರಬೇತಿ ಇತ್ತು. ಬೆಳಗಿನಿಂದ ಮಾತು ಒಂದೇ ಕಡೆ ಸಿಕ್ಕಿಕೊಂಡಿತ್ತು: ಗಂಡೆಂದು ದಾಖಲಾಗಿ ತಾನು ಹೆಣ್ಣು ಎನ್ನುವ ಮಗು, ಹೆಣ್ಣೆಂದು ದಾಖಲಾಗಿ ತಾನು ಗಂಡು ಎನ್ನುವ ಮಗು ಶಾಲೆಯಲ್ಲಿದ್ದರೆ ಏನು ಮಾಡಬೇಕು? ಒಬ್ಬ ಮೇಷ್ಟ್ರು, "ಇವೆಲ್ಲ ಮೊಬೈಲಿಂದ ಬಂದಿರೋದು, ಸ್ಕೂಲ್ ಒಳಕ್ಕೆ ಬಿಟ್ಕೋಬಾರ್ದು" ಎಂದರು. ತರಬೇತಿ ಕೊಡಲು ಬಂದಿದ್ದ ಹುಡುಗಿ, ಮಗು ಹೇಳಿದ ದಿನವೇ ಹೆಸರು, ನಿಲ್ಲುವ ಸಾಲು ಎಲ್ಲ ಬದಲಾಯಿಸಬೇಕು, ಮನೆಯವರಿಗೆ ತಿಳಿಸಬೇಕಾಗಿಲ್ಲ ಎಂದಳು. "ಹಂಗಾದ್ರೆ ನಮ್ಮ ಹೆಣ್ಮಕ್ಕಳನ್ನ ಯಾರ್ ಕೇಳ್ತಾರೆ?" ಎಂದು ಇನ್ನೊಬ್ಬ ಮೇಡಂ ಎದ್ದು ನಿಂತರು. ಎಲ್ಲರಿಗೂ ಕೋಪ ಬಂದಿತ್ತು. ಯಾರ ಕಣ್ಣ ಮುಂದೆಯೂ ಒಂದು ಮಗುವಿನ ಮುಖ ಇದ್ದ ಹಾಗೆ ಕಾಣಲಿಲ್ಲ. ನನಗೆ ಒಂದು ಮುಖ ಗೊತ್ತಿತ್ತು, ಗಿರಿಯದು. ಊಟಕ್ಕೆ ಬಿಟ್ಟಾಗ ಹೊರಗೆ ಬಂದವಳಿಗೆ ಆ ಕೊಬ್ಬರಿ ವಾಸನೆ ಗಿರಿಯ ಮನೆಯ ಅಟ್ಟವನ್ನೇ ತಂದು ಮುಂದಿಟ್ಟಿತು.

ಕೆಲವು ವರ್ಷಗಳ ಹಿಂದೆ ನಾನು ಹಳೇಬೀಡಿನಲ್ಲಿ ಮನೆ ಮಾಡಿಕೊಂಡು, ಅರಸೀಕೆರೆ ದಾರಿಯ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಆಟದ ಸಾಮಾನಿನ ಕೋಣೆಯ ಗೋಡೆಯಲ್ಲಿ ನನಗೆಂದೇ ಎರಡು ಮೊಳೆ ಇದ್ದವು. ಒಂದರಲ್ಲಿ ವಿಷಲ್, ಇನ್ನೊಂದರಲ್ಲಿ ಕತ್ತರಿ. ನಮ್ಮ ಕಡೆಯ ಶಾಲೆಗಳಲ್ಲಿ ಓದಿದವರಿಗೆ ಈ ಕತ್ತರಿಯ ವಿಷಯ ಹೇಳಬೇಕಾಗಿಲ್ಲ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಪಿ.ಟಿ. ಟೀಚರ್ ಹುಡುಗರ ಸಾಲಿನ ಹಿಂದೆ ಒಂದು ಸುತ್ತು ಬರುತ್ತಾರೆ. ಯಾರ ಕೂದಲು ಕಾಲರಿಗೆ ತಾಗುತ್ತದೋ ಅವನ ತಲೆಯ ಒಂದು ಕಡೆ ಕಚಕ್ಕೆಂದು ಕತ್ತರಿಸಿ ಬಿಡುತ್ತಾರೆ. ಆ ವಿಕಾರ ಮುಚ್ಚಿಕೊಳ್ಳಲು ಹುಡುಗ ಸಂಜೆಯೇ ಕಟಿಂಗ್ ಶಾಪಿಗೆ ಓಡುತ್ತಾನೆ. ನನ್ನ ತಲೆಯ ಮೇಲೆ ಯಾರೂ ಈ ಕೆಲಸ ಹೊರಿಸಿರಲಿಲ್ಲ, ನಾನೇ ಖುಷಿಯಿಂದ ಮಾಡುತ್ತಿದ್ದೆ. ಶಿಸ್ತು ಎಂದರೆ ಇದೇ ಎಂದು ನಂಬಿದ್ದೆ. ನನ್ನ ವಿಷಲ್ಲಿಗಿಂತ ಕತ್ತರಿಗೇ ಹುಡುಗರು ಹೆದರುತ್ತಾರೆ ಎಂಬ ಹೆಮ್ಮೆ ಬೇರೆ.

ಆ ಜೂನಿನಲ್ಲಿ ಹತ್ತನೇ ತರಗತಿಗೆ ಗಿರಿ ಹೊಸದಾಗಿ ಬಂದಿದ್ದಳು. ರಿಜಿಸ್ಟರಿನಲ್ಲಿ ಗಿರೀಶ. ಈಗ ಅವಳು ಎಂದೇ ಬರೆಯುತ್ತೇನೆ, ಅದು ಅವಳ ಇಷ್ಟ. ಆಗ ನಮಗೆಲ್ಲ ಅವನೇ. ಎರಡನೇ ಸೋಮವಾರ ಸಣ್ಣಗೆ ಮಳೆ ಹನಿಯುತ್ತಿತ್ತು, ನನಗೆ ಅವಸರ. ಹುಡುಗರ ಸಾಲಿನ ಕೊನೆಯಲ್ಲಿ ಬೆನ್ನಿನವರೆಗೆ ಇಳಿದ ಕೂದಲನ್ನು ಎಣ್ಣೆ ಹಚ್ಚಿ, ಬಿಗಿಯಾಗಿ ಕಟ್ಟಿ, ಶರ್ಟಿನೊಳಗೆ ತೂರಿಸಿಕೊಂಡ ತಲೆಯೊಂದು ಕಂಡಿತು. ಏನು, ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಎಳೆದೆ, ಕತ್ತರಿಸಿದೆ. ಗೇಣುದ್ದದ ಕೂದಲು ಒದ್ದೆ ಮಣ್ಣಿನ ಮೇಲೆ ಬಿತ್ತು. ಸಾಲಿನವರೆಲ್ಲ ನಕ್ಕರು. ಗಿರಿ ಅಳಲಿಲ್ಲ. ಬಗ್ಗಿ ಅದನ್ನು ಎತ್ತಿಕೊಂಡು, ಮಣ್ಣು ಕೊಡವಿ, ಜಾಮಿಟ್ರಿ ಬಾಕ್ಸಿನಲ್ಲಿಟ್ಟು ಮುಚ್ಚಿದಳು. ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ.

ನಾಲ್ಕನೇ ದಿನ ಬಂದವರು ಅವಳ ಅಪ್ಪ ರಂಗಸ್ವಾಮಿ. ತೋಟದ ಕಾಯಿಯನ್ನು ಅಟ್ಟದಲ್ಲಿ ಇಟ್ಟು ಕೊಬ್ಬರಿ ಮಾಡಿ ಅರಸೀಕೆರೆಗೆ ಹಾಕುವ ಮನೆತನ. ಮಾತು ಕಡಿಮೆ. ಅವತ್ತು ಮಾತ್ರ ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದರು. "ಅದು ಮಾಲೇಕಲ್ ತಿಮ್ಮಪ್ಪಂಗೆ ಬಿಟ್ಟಿದ್ ಕೂದ್ಲು ಕಣ್ರೀ. ಹರಕೆ ಕೂದ್ಲಿಗೆ ಕತ್ರಿ ಹಾಕೋಕೆ ನಿಮಗ್ ಯಾರ್ ಅಧಿಕಾರ ಕೊಟ್ಟವ್ರೆ?"

ಮಾಲೇಕಲ್ ಬೆಟ್ಟದ ತಿಮ್ಮಪ್ಪನಿಗೆ ನಮ್ಮ ಮನೆಯವರೂ ಒಕ್ಕಲು. ದೇವರಿಗೆ ಮುಡಿಪಿಟ್ಟ ಕೂದಲನ್ನು ಹರಕೆ ತೀರುವವರೆಗೆ ಯಾರೂ ಮುಟ್ಟುವುದಿಲ್ಲ. ತಪ್ಪಾಯಿತು ಎಂದೆ. ಹೆಡ್‌ಮಾಸ್ಟರ್ ರುದ್ರಪ್ಪನವರೂ ತಪ್ಪಾಯಿತು ಎಂದರು. ರಂಗಸ್ವಾಮಿಗೆ ಅದರಿಂದ ಸಮಾಧಾನವಾಗಲಿಲ್ಲ. "ಕೂದ್ಲು ಮೈಲಿಗೆ ಆಯ್ತು. ಬರೋ ಶ್ರಾವಣ ಶನಿವಾರ ಕರ್ಕೊಂಡೋಗಿ ಪೂರ್ತಿ ಮುಡಿ ಕೊಟ್ಬುಡ್ತೀನಿ. ಬೋಳುಸ್ಕೊಂಡ್ ಬಂದ್ಮೇಲೆ ಸ್ಕೂಲಿಗೆ ಬತ್ತಾನೆ" ಎಂದು ಹೇಳಿ ಹೊರಟರು.

ನನ್ನಿಂದ ಮಗು ಶಾಲೆ ಬಿಟ್ಟಿತು ಎಂದು ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ಸಂಜೆ ಅವರ ಮನೆಗೆ ಹೋದೆ. ಗಿರಿಯ ಅಮ್ಮ ಪುಟ್ಟಲಕ್ಷ್ಮಿ ಅಂಗಳದಲ್ಲಿ ಕಾಯಿಯ ರಾಶಿಯ ಮುಂದೆ ಕುಳಿತು ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದರು. ಕೂರಲು ಮಣೆ ಕೊಟ್ಟರು, ನೀರು ಕೊಟ್ಟರು, ಬೈಯಲಿಲ್ಲ. ಗಂಡ ತೋಟಕ್ಕೆ ಹೋಗಿರುವುದನ್ನು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಮೇಡಂ, ಹರಕೆ ಗಿರಿಕೆ ಏನೂ ಇರ್ನಿಲ್ಲ. ಎಂಟನೇ ವರ್ಷದಾಗೆ ಕೂದ್ಲು ಕತ್ರುಸ್ಬೇಡ ಅಂತ ಮೂರು ದಿನ ಅನ್ನ ಬಿಡ್ತು. ಇವ್ರು ಕತ್ರುಸ್ಲೇಬೇಕು ಅಂತ ನಿಂತ್ರು. ಬಾಯಿಗ್ ಬಂತು ನೋಡಿ, ಮಾಲೇಕಲ್ ತಿಮ್ಮಪ್ಪಂಗೆ ಬಿಟ್ಟಿವ್ನಿ ಅಂದ್ಬುಟ್ಟೆ. ಅವತ್ತಿಂದ ಯಾರೂ ಮುಟ್ಲಿಲ್ಲ."

"ಹಾಗಾದರೆ ಈಗ?" ಎಂದೆ.

"ಈಗ ದೇವ್ರ ಹೆಸ್ರು ಹೇಳಾದ್ ಮೇಲೆ ಅದು ಹರಕೇನೇ ಅಲ್ವಾ? ಸುಳ್ಳು ಹೇಳಿದ್ದೆ ಅಂದ್ರೆ ಇವ್ರು ಬಿಡಲ್ಲ. ಹರಕೆ ತೀರುಸ್ತೀನಿ ಅಂದ್ರೆ ಮಗಾ ಬದುಕಲ್ಲ."

ಕೊನೆಯ ಮಾತನ್ನು ಅವರು ಕೊಬ್ಬರಿಯ ಸಿಪ್ಪೆ ಕೊಡವುತ್ತಾ ಹೇಳಿದರು. ಇಷ್ಟು ವರ್ಷ ಕೂದಲನ್ನು ಕಾಯ್ದ ಸುಳ್ಳೇ ಈಗ ಕೂದಲನ್ನು ಕೇಳುತ್ತಿತ್ತು. ಅದನ್ನು ಎಬ್ಬಿಸಿದ್ದು ನನ್ನ ಕತ್ತರಿ. ರಂಗಸ್ವಾಮಿ ಬರುವವರೆಗೂ ಕಾದು ಕುಳಿತೆ. ಇದು ಎಸ್ಸೆಸ್ಸೆಲ್ಸಿ ವರ್ಷ, ಬೋಳು ತಲೆಯಲ್ಲಿ ಬಂದರೆ ಹುಡುಗರು ಆಡಿಕೊಳ್ಳುತ್ತಾರೆ, ಓದು ಕೆಡುತ್ತದೆ, ಪರೀಕ್ಷೆ ಮುಗಿದ ಮೇಲೆ ಮುಡಿ ಕೊಡಿ, ತಪ್ಪು ನನ್ನದಾದ್ದರಿಂದ ನಾನೂ ಬೆಟ್ಟ ಹತ್ತಿ ತಪ್ಪುಕಾಣಿಕೆ ಹಾಕುತ್ತೇನೆ ಎಂದೆ. "ಪರೀಕ್ಷೆ ಮುಗೀಲಿ. ಆದ್ರೆ ಆಮೇಲೆ ಒಂದ್ ದಿನಾನೂ ನಿಲ್ಲಲ್ಲ" ಎಂದರು. ನನಗೆ ಸಿಕ್ಕಿದ್ದು ಒಂಬತ್ತು ತಿಂಗಳು. ಸೋಮವಾರ ಕೋಣೆಗೆ ಹೋಗಿ ಕತ್ತರಿಯನ್ನು ಮೊಳೆಯಿಂದ ಇಳಿಸಿ ಟೇಬಲ್ಲಿನ ಕೆಳಗಿನ ಖಾನೆಗೆ ಹಾಕಿದೆ.

ಗಿರಿ ಮತ್ತೆ ಬಂದಳು. ಓದಿನಲ್ಲಿ ಚುರುಕು, ಆಟದಲ್ಲಿ ಸೋಮಾರಿ, ಥ್ರೋಬಾಲ್ ಎಂದರೆ ಮಾತ್ರ ಕಣ್ಣು ಹೊಳೆಯುತ್ತಿತ್ತು. ಆಗಸ್ಟಿನಲ್ಲಿ ಹುಲಿಕೆರೆಯ ಹಳೆಯ ಮೆಟ್ಟಿಲುಕೊಳವನ್ನು ಸ್ವಚ್ಛ ಮಾಡಲು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಮೋಡವಿದ್ದರೂ ಧಗೆ. ಎಲ್ಲರೂ ನೀರಿನ ಕ್ಯಾನಿಗೆ ಮುತ್ತಿಕೊಂಡರೂ ಗಿರಿ ಮಾತ್ರ ಮೆಟ್ಟಿಲ ಮೇಲೆ ತುಟಿ ಒಣಗಿಸಿಕೊಂಡು ಕುಳಿತಿದ್ದಳು. ಕುಡಿಯೋ ಎಂದು ಗದರಿದೆ. ಬೇಡ ಎಂದಳು. ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಬಾಯಿ ಬಿಟ್ಟಳು.

"ನೀರ್ ಕುಡುದ್ರೆ ಟಾಯ್ಲೆಟ್‌ಗೆ ಹೋಗ್ಬೇಕು ಮಿಸ್. ಅಲ್ಲಿ ಇಬ್ರು ಬಾಗ್ಲು ಹಿಡ್ಕೊಂಡ್ ನಿಂತ್ಕೋತಾರೆ. ಬಿಚ್ಚು, ನೋಡಾಣ ಏನೈತೆ ಅಂತಾರೆ." ಆಮೇಲೆ ನೀರಿನ ಕಡೆ ನೋಡುತ್ತಾ ಹೇಳಿದಳು. "ನಾನು ಹುಡುಗಿ ಕಣ್ ಮಿಸ್. ಮೊದ್ಲಿಂದ್ಲೂ. ಯಾರ್ಗೂ ಹೇಳ್ಬೇಡಿ."

"ಆಣೆಗೂ ಹೇಳಲ್ಲ" ಎಂದೆ. ಏನನ್ನು ಹೇಳುವುದಿಲ್ಲ ಎಂದು ಯೋಚಿಸದೆಯೇ ಮಾತು ಕೊಟ್ಟುಬಿಟ್ಟೆ. ಕತ್ತರಿ ಹಾಕಿದವಳನ್ನು ಮಗು ನಂಬಿತಲ್ಲ ಎಂಬ ಸಂತೋಷ ನನಗೆ. ಆ ಇಬ್ಬರು ಹುಡುಗರನ್ನು ಬೇರೇನೋ ನೆಪ ಮಾಡಿ ಮೈದಾನದ ಸುತ್ತ ಓಡಿಸಿದೆ. ಅಷ್ಟಕ್ಕೆ ಎಲ್ಲ ಸರಿಹೋಯಿತೆಂದು ತಿಳಿದೆ. ದಡ್ಡತನ, ಬೇರೆ ಹೆಸರಿಲ್ಲ ಅದಕ್ಕೆ.

ಮೂರು ವಾರ ಕಳೆದಿರಬೇಕು, ಗಿರಿಗೆ ಚಳಿಜ್ವರ ಬಂತು. ಹೊಟ್ಟೆ ಹಿಡಿದುಕೊಂಡು ಪ್ರಾರ್ಥನೆಯಲ್ಲೇ ಕುಸಿದಳು. ಹಳೇಬೀಡಿನ ಆಸ್ಪತ್ರೆಯಲ್ಲಿ ನೋಡಿ ಹಾಸನಕ್ಕೆ ಕಳಿಸಿದರು. ಮೂತ್ರದ ಸೋಂಕು ಕಿಡ್ನಿಯವರೆಗೆ ಹೋಗಿತ್ತು. ಮಗು ಇಡೀ ದಿನ ನೀರು ಕುಡಿಯುವುದಿಲ್ಲವೇ, ಕಟ್ಟಿಕೊಂಡೇ ಇರುತ್ತದೆಯೇ ಎಂದು ಡಾಕ್ಟರು ಕೇಳಿದರಂತೆ. ಬಾಗಿಲು ಹಿಡಿಯುವ ಹುಡುಗರ ವಿಷಯವನ್ನು ಗಿರಿ ಆಗ ಅಮ್ಮನಿಗೆ ಹೇಳಿದ್ದಳು. ನಾನು ಹೋದಾಗ ಗಿರಿಗೆ ಡ್ರಿಪ್ಸ್ ಹಾಕಿತ್ತು. ರಂಗಸ್ವಾಮಿ ಔಷಧಿ ತರಲು ಹೋಗಿದ್ದರು. ಪುಟ್ಟಲಕ್ಷ್ಮಿ ನನ್ನನ್ನು ಹೊರಗಿನ ವರಾಂಡಕ್ಕೆ ಕರೆದರು.

"ನಿಮಗ್ ಗೊತ್ತಿತ್ತಾ?"

ಗೊತ್ತಿತ್ತು, ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಅದು ಗಂಡೋ ಹೆಣ್ಣೋ ಅನ್ನೋದು ನಂಗೆ ಎಂಟು ವರ್ಷದಿಂದ ಗೊತ್ತೈತೆ. ಅದುನ್ನ ನೀವು ನಂಗೆ ಹೇಳ್ಬೇಕಾಗಿರ್ನಿಲ್ಲ, ಯಾರ್ಗೂ ಹೇಳ್ಬೇಕಾಗಿರ್ನಿಲ್ಲ. ಅದ್ಕೆ ಸ್ಕೂಲ್ನಾಗೆ ಏನಾಗ್ತಾ ಐತೆ ಅನ್ನೋದು ನಂಗೆ ಗೊತ್ತಿರ್ನಿಲ್ಲ. ಅದುನ್ನ ಯಾಕ್ ಬಚ್ಚಿಟ್ರಿ?"

ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಕುಳಿತ ಎಲ್ಲ ತರಬೇತಿಗಿಂತ ದೊಡ್ಡ ಪಾಠ ಅದು. ಮಗು ಯಾರು ಎಂಬುದು ಮಗುವಿನ ಮಾತು, ಅದನ್ನು ಹೇಳುವ ಹಕ್ಕು ಅದರದು. ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ ಅದು ಗುಟ್ಟಲ್ಲ. ಅದನ್ನು ಮುಚ್ಚಿಟ್ಟವರು ತೊಂದರೆ ಕೊಟ್ಟವರ ಜೊತೆಗೇ ನಿಂತ ಹಾಗೆ. ನಾನು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಬೀಗ ಹಾಕಿದ್ದೆ. ನಾಚಿಕೆಯಾಯಿತು. ಆ ವರಾಂಡದಲ್ಲೇ ಗಟ್ಟಿ ಮಾಡಿಕೊಂಡೆ, ಈ ಮಗು ನಮ್ಮ ಶಾಲೆಯಲ್ಲೇ ಓದಿ, ನೀರು ಕುಡಿದು, ಪರೀಕ್ಷೆ ಬರೆದೇ ಬರೆಯಬೇಕು. ಒಳಗೆ ಹೋಗಿ ಗಿರಿಗೂ ಹೇಳಿದೆ: ನೀನು ಯಾರೆಂಬುದನ್ನು ಹೇಳುವುದಿಲ್ಲ, ಬಾಗಿಲು ಹಿಡಿದವರ ವಿಷಯ ಹೇಳಿಯೇ ಹೇಳುತ್ತೇನೆ. ಅವಳು ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದಳು.

ಮುಂದಿನ ವಾರ ಶಾಲಾ ಸಮಿತಿಯ ಸಭೆ ಕರೆಸಿದೆ. ರುದ್ರಪ್ಪನವರು ಒಳ್ಳೆಯವರು, ಆದರೆ ಕಾಗದಕ್ಕೆ ಹೆದರುವವರು. "ಮೇಲಿಂದ ಆದೇಶ ಇಲ್ದೆ ನಾವೇನ್ ಮಾಡೋಕಾಗುತ್ತೆ ಮೇಡಂ?" ಎಂದು ಎರಡು ದಿನ ತಳ್ಳಿದ್ದರು. ಸಭೆಯಲ್ಲಿ ನಾನು ಬಾಗಿಲು ಹಿಡಿದ ಹುಡುಗರ ವಿಷಯ ಹೇಳಿದೆ, ಯಾವ ಮಗು ಎಂದು ಹೇಳಲಿಲ್ಲ. ಹೇಳದಿದ್ದರೂ ಊರಿಗೆಲ್ಲ ಗೊತ್ತಿತ್ತು. ಸಮಿತಿಯ ಹಿರಿಯ ಶಿವಣ್ಣನವರು ಟವಲ್ ಕೊಡವಿ, "ಟೀಸಿ ಕೊಟ್ ಕಳ್ಸ್ರೀ. ಒಂದ್ ಮಗೀಗೋಸ್ಕರ ಎಲ್ಲರ್ಗೂ ಯಾಕ್ ತಲೆನೋವು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ನಾಗರತ್ನ ಎದ್ದರು. ಅವರ ಮಗಳು ಒಂಬತ್ತನೇ ತರಗತಿ. ಅವರು ಏನು ಹೇಳುತ್ತಾರೋ ಎಂದು ಹೆದರಿದೆ.

"ನೇರವಾಗಿ ಹೇಳ್ತೀನಿ ಮೇಡಂ. ಆ ಮಗೂನ ಹೆಣ್ಮಕ್ಕಳ ಟಾಯ್ಲೆಟ್‌ಗೆ ಕಳಿಸ್ತೀವಿ ಅಂದ್ರೆ ನಾನು ಒಪ್ಪಲ್ಲ. ನನ್ ಮಗಳಿಗೆ ಮುಜುಗರ ಆಗುತ್ತೆ, ಅದು ತಪ್ಪಲ್ಲ."

"ತಪ್ಪಲ್ಲ" ಎಂದೆ. ಮನಸ್ಸಾರೆ ಎಂದೆ.

"ಹಂಗಂತ ಆ ಮಗೂನ ಆ ಹುಡುಗ್ರ ಬಾಯಿಗೆ ಕೊಡಿ ಅಂತಾನೂ ನಾನ್ ಹೇಳಲ್ಲ. ಹೆಣ್ಮಕ್ಕಳ ಟಾಯ್ಲೆಟ್ ಬಾಗ್ಲಿಗೆ ಚಿಲಕ ಇಲ್ಲ ಅಂತ ಎರಡು ವರ್ಷದಿಂದ ಹೇಳ್ತಾ ಇದ್ದೀನಿ. ಒಬ್ಬಳು ಹೋದ್ರೆ ಇನ್ನೊಬ್ಬಳು ಹೊರಗೆ ಬಾಗ್ಲು ಹಿಡ್ಕೋಬೇಕು. ಮೊದ್ಲು ಎಲ್ಲಾ ಬಾಗ್ಲಿಗೂ ಒಳಗಿಂದ ಚಿಲಕ ಹಾಕ್ಸಿ. ಆಮೇಲೆ ಯಾವ ಮಗು ಯಾವುದು ಅಂತ ಜಗಳ ಆಡಾಣ."

ನಾಚಿಕೆ ಎರಡನೇ ಸಲ ನನ್ನ ಪಾಲಿಗೆ ಬಂತು. ಪಿ.ಟಿ. ಟೀಚರ್ ಆದವಳು ಕೂದಲಿನ ಉದ್ದ ಅಳೆಯುತ್ತಿದ್ದೆ, ಚಿಲಕ ನೋಡಿರಲಿಲ್ಲ. ಬಿಸಿಯೂಟದ ಕೋಣೆಯ ಹಿಂದೆ ಶಿಕ್ಷಕರಿಗೆಂದು ಕಟ್ಟಿಸಿದ ಒಂಟಿ ಟಾಯ್ಲೆಟ್ ಒಂದಿತ್ತು, ಬೀಗ ಹಾಕಿಕೊಂಡು ನಾವೇ ಬಳಸುತ್ತಿದ್ದೆವು. ಅದನ್ನು ಮಕ್ಕಳಿಗೆ ಬಿಟ್ಟುಕೊಡೋಣ, ಯಾವ ಮಗುವಾದರೂ ಕೀ ಕೇಳಬಹುದು, ಯಾಕೆಂದು ಯಾರೂ ಕೇಳುವಂತಿಲ್ಲ ಎಂದೆ. ಶಿವಣ್ಣನವರು ಮತ್ತೆ ಟೀಸಿ ಎಂದರು. "ಟೀಸಿ ಕೊಡೋದಾದ್ರೆ ಬಾಗಿಲು ಹಿಡಿದವರಿಗೆ ಕೊಡಬೇಕು. ಅವರಿಗೂ ಕೊಡಲ್ಲ, ಅವರೂ ನಮ್ಮ ಮಕ್ಕಳೇ. ಅವರ ಅಪ್ಪ ಅಮ್ಮನ್ನ ಕರೆಸಿ ಕೂರಿಸ್ತೀನಿ" ಎಂದೆ. ರುದ್ರಪ್ಪನವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಚಿಲಕ ಹಾಕ್ಸೋಕೆ ಆದೇಶ ಬೇಕಾಗಿಲ್ಲ" ಎಂದು ನಡಾವಳಿಯಲ್ಲಿ ಬರೆದರು. ಆ ಮನುಷ್ಯನನ್ನು ಆವತ್ತು ಅಪ್ಪಿಕೊಳ್ಳಬೇಕೆನಿಸಿತ್ತು.

ಕತ್ತರಿ ಇದ್ದ ಮೊಳೆಗೆ ಆ ಕೀ ಬಂತು. ಮೊದಲ ವಾರ ಗಿರಿ ಒಬ್ಬಳೇ ತೆಗೆದುಕೊಂಡು ಹೋಗುತ್ತಿದ್ದಳು, ಎಲ್ಲರೂ ನೋಡುತ್ತಿದ್ದರು. ಆಮೇಲೆ ಮುಟ್ಟಾದ ಹುಡುಗಿಯೊಬ್ಬಳು ಕೇಳಿದಳು. ಕಾಲು ಊನವಾಗಿದ್ದ ಎಂಟನೇ ತರಗತಿಯವನು ಕೇಳಿದ. ದೀಪಾವಳಿ ಹೊತ್ತಿಗೆ ಕೀಗೆ ಸರದಿ ನಿಲ್ಲುವಂತಾಗಿ, ಯಾರಿಗಾಗಿ ಅದು ಬಂತೆಂಬುದೇ ಮರೆತುಹೋಯಿತು. ಗಿರಿ ಮೈದಾನದ ನಲ್ಲಿಯಲ್ಲಿ ಎಲ್ಲರೆದುರು ಬೊಗಸೆಯಲ್ಲಿ ನೀರು ಕುಡಿದದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಹೆಸರು ಬದಲಾಯಿಸುವ ಮಾತು, ಸಾಲು ಬದಲಾಯಿಸುವ ಮಾತು ನನ್ನ ತಲೆಯಲ್ಲೂ ಬಂದಿತ್ತು. ಡಿಸೆಂಬರಿನಲ್ಲಿ ಮನೆಗೆ ಹೋಗಿ ಪುಟ್ಟಲಕ್ಷ್ಮಿಯವರನ್ನು ಕೇಳಿದೆ. ಅವರು ಅಟ್ಟದ ಕಡೆ ಕೈ ತೋರಿಸಿ ನಕ್ಕರು. ರಂಗಸ್ವಾಮಿ ಮೇಲೆ ಕುಳಿತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಕರಟ ಬಿಟ್ಟು ಗಡಗಡ ಎಂದರೆ ಒಡೆಯಲು ಈಚೆಗೆ, ಇಲ್ಲದಿದ್ದರೆ ಮತ್ತೆ ಮೂಲೆಗೆ.

"ಕಾಯಿಗಾದ್ರೆ ವರ್ಷಗಟ್ಟಲೆ ಕಾಯ್ತಾರೆ, ಮಗಿನ್ ವಿಷ್ಯಕ್ಕೆ ಇವತ್ತೇ ಒಡೀಬೇಕು ಇವ್ರಿಗೆ" ಎಂದು ಅಟ್ಟಕ್ಕೆ ಕೇಳುವಂತೆ ಹೇಳಿದರು. ಆಮೇಲೆ ನನಗೆ, "ನೀವೂ ಅವಸರ ಮಾಡ್ಬೇಡಿ ಮೇಡಂ. ಹದ್ನೈದ್ ವರ್ಷ ಅದ್ಕೆ. ತಾನೇ ಹೇಳ್ಲಿ, ತನಗ್ ಬೇಕಾದಾಗ ಹೇಳ್ಲಿ. ಅಲ್ಲಿಗಂಟ ಅದ್ರ ತಂಟೆಗೆ ಯಾರೂ ಹೋಗ್ದಂಗ್ ನೋಡ್ಕಳಿ, ಸಾಕು" ಎಂದರು. ಮೇಲಿನ ಗಡಗಡ ಶಬ್ದ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅವರು ಕೇಳಿಸಿಕೊಂಡರು ಎಂದುಕೊಂಡೆ. ಗಿರಿಯನ್ನು ಕೇಳಿದರೆ ಅವಳೂ ರಿಜಿಸ್ಟರಿನ ತಂಟೆ ಈಗ ಬೇಡ, ಪರೀಕ್ಷೆ ಮುಗಿಯಲಿ ಎಂದಳು. ಥ್ರೋಬಾಲ್ ಮಾತ್ರ ಬೇಕು ಎಂದಳು. ಹುಡುಗಿಯರಷ್ಟೇ ಆಡುತ್ತಿದ್ದ ಅದನ್ನು ಎಲ್ಲರೂ ಸೇರಿ ಆಡುವ ಆಟ ಮಾಡಿದೆ.

ಮಾರ್ಚಿನ ಬಿಸಿಲಲ್ಲಿ ಹಳೇಬೀಡಿನ ಕೇಂದ್ರದಲ್ಲಿ ಪರೀಕ್ಷೆ. ನನಗೆ ಅಲ್ಲೇ ಡ್ಯೂಟಿ. ರಂಗಸ್ವಾಮಿ ದಿನವೂ ಬೈಕಿನಲ್ಲಿ ಗಿರಿಯನ್ನು ಕರೆತಂದು, ಪರೀಕ್ಷೆ ಮುಗಿಯುವವರೆಗೂ ಗೇಟಿನೆದುರಿನ ಮರದ ಕೆಳಗೆ ನಿಂತಿರುತ್ತಿದ್ದರು. ಯಾರ ಜೊತೆಗೂ ಮಾತಿಲ್ಲ. ಗಿರಿ ಹೊರಗೆ ಬಂದರೆ ಪರೀಕ್ಷೆ ಹೇಗಾಯಿತು ಎಂದೂ ಕೇಳುತ್ತಿರಲಿಲ್ಲ. ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಎತ್ತಿ ನೋಡುತ್ತಿದ್ದರು. ಖಾಲಿ ಇದ್ದರೆ, "ಹೂಂ, ಹತ್ತು" ಎಂದು ಬೈಕು ಸ್ಟಾರ್ಟ್ ಮಾಡುತ್ತಿದ್ದರು. ಗಣಿತದ ದಿನ ಬಾಟಲಿಯಲ್ಲಿ ಅರ್ಧ ನೀರು ಉಳಿದಿತ್ತು. ಅದನ್ನು ಅಲ್ಲೇ ಕುಡಿಸಿ ಕರೆದುಕೊಂಡು ಹೋದರು. ಆದರೂ ಹರಕೆಯ ಮಾತು ಹಾಗೇ ನಿಂತಿತ್ತು. ಕೊನೆಯ ಪೇಪರಿನ ದಿನ ನನ್ನ ಹತ್ತಿರ ಬಂದು, "ಬರೋ ಶನಿವಾರ ಬೆಟ್ಟ. ಬತ್ತೀನಿ ಅಂದಿದ್ರಿ" ಎಂದರು.

ಇಷ್ಟನ್ನೂ ನೆನೆಯುತ್ತಾ ಮಂಡಿಯ ಹತ್ತಿರ ನಿಂತಿದ್ದವಳು ಮತ್ತೆ ತರಬೇತಿಯ ಹಾಲಿಗೆ ಹೋದೆ. ಮಧ್ಯಾಹ್ನ ಎದ್ದು ನಿಂತು ಮಾತಾಡಿದೆ. ವಿಷಲ್ ಊದಿ ಬೆಳೆದ ಗಂಟಲು, ಮೈಕ್ ಬೇಕಾಗಲಿಲ್ಲ. ಚಿಲಕದ ವಿಷಯ ಹೇಳಿದೆ, ಕೀ ವಿಷಯ ಹೇಳಿದೆ. ಮಗುವಿನ ಗುಟ್ಟು ಬೇರೆ, ಮಗುವಿನ ಮೇಲಿನ ಅಪಾಯ ಬೇರೆ, ಇದನ್ನು ಬೇರೆ ಮಾಡಲು ಗೊತ್ತಿಲ್ಲದ ನಿಯಮ ಯಾವ ಕಡೆಯವರದಾದರೂ ನಮಗೆ ಬೇಡ ಎಂದೆ. ಮೊಬೈಲಿನ ಕಾಯಿಲೆ ಎಂದ ಮೇಷ್ಟ್ರಿಗೆ, ತರಬೇತಿಯ ಹುಡುಗಿಗೆ ಇಬ್ಬರಿಗೂ ಅದು ಪೂರ್ತಿ ರುಚಿಸಲಿಲ್ಲ. ರುಚಿಸಬೇಕಾಗಿಯೂ ಇರಲಿಲ್ಲ. ಪ್ರತಿ ಶಾಲೆಯಲ್ಲೂ ಒಂಟಿ ಬಾಗಿಲು, ಒಳಚಿಲಕ ಎಂದು ತರಬೇತಿಯ ವರದಿಯಲ್ಲಿ ಬರೆಸಿಯೇ ಕುಳಿತೆ. ಬೆಟ್ಟದ ಶನಿವಾರವನ್ನು ಮಾತ್ರ ಅಲ್ಲಿ ಹೇಳಲಿಲ್ಲ. ಹಾಸನದಲ್ಲಿ ಡಿಗ್ರಿ ಓದುತ್ತಿರುವ ಗಿರಿಗೆ ಆ ಸಂಜೆ ಫೋನ್ ಮಾಡಿ, ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ಹೆಸರು ಬೇರೆ ಹಾಕಿ ಬರೀರಿ ಮಿಸ್ ಎಂದಳು. ಹಾಕಿದ್ದೇನೆ.

ಪರೀಕ್ಷೆ ಮುಗಿದ ಆ ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಮಾಲೇಕಲ್ಲಿನ ಮೆಟ್ಟಿಲು ಹತ್ತಿದೆವು. ಗಿರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಯಲ್ಲಿ ಆ ಜಾಮಿಟ್ರಿ ಬಾಕ್ಸ್. ಪುಟ್ಟಲಕ್ಷ್ಮಿ ಹತ್ತು ಮೆಟ್ಟಿಲಿಗೊಮ್ಮೆ ಗೋವಿಂದಾ ಎನ್ನುತ್ತಿದ್ದರು, ನಡುವೆ ತಪ್ಪಾಯ್ತು ಅಂತಲೂ ಅನ್ನುತ್ತಿದ್ದರು. ನಾನು ಬಾಯಿ ಬಿಟ್ಟು ಬೇಡಿಕೊಳ್ಳಬೇಕೆಂದು ಎರಡು ಸಲ ಹೊರಟು ಸುಮ್ಮನಾದೆ. ರಂಗಸ್ವಾಮಿ ಎಲ್ಲರಿಗಿಂತ ಮುಂದೆ, ಹಿಂತಿರುಗಿ ನೋಡದೆ ಹತ್ತುತ್ತಿದ್ದರು.

ಮುಡಿ ತೆಗೆಯುವ ವಯಸ್ಸಾದವರು ನೆರಳಲ್ಲಿ ಕುಳಿತಿದ್ದರು. ಮುಂದೆ ನೀರಿನ ಬಟ್ಟಲು, ತಟ್ಟೆ, ಕತ್ತಿ, ಕತ್ತರಿ. ನಮ್ಮಲ್ಲಿ ಗಂಡಸರು ಹರಕೆಗೆ ತಲೆ ಪೂರ್ತಿ ಬೋಳಿಸುತ್ತಾರೆ. ಹೆಂಗಸರು, ಹೆಣ್ಣುಮಕ್ಕಳು ಮೂರು ಎಳೆ ಕತ್ತರಿಸಿ ಕೊಡುತ್ತಾರೆ, ದೇವರಿಗೆ ಅಷ್ಟೇ ಸಲ್ಲುತ್ತದೆ. ಗಿರಿ ಮುಂದೆ ಕುಳಿತಳು. ಅವರು ಒಮ್ಮೆ ಶರ್ಟ್ ನೋಡಿದರು, ಒಮ್ಮೆ ಜಡೆ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, ದಿನಕ್ಕೆ ನೂರು ಸಲ ಕೇಳುವ ಮಾತನ್ನೇ ಕೇಳಿದರು.

"ಪೂರ್ತಿನಾ, ಮೂರೆಳೇನಾ ಸ್ವಾಮಿ?"

ರಂಗಸ್ವಾಮಿ ಗಿರಿಯ ಕೈಯಿಂದ ಜಾಮಿಟ್ರಿ ಬಾಕ್ಸ್ ತೆಗೆದುಕೊಂಡರು. ಬಿಚ್ಚಿ, ನಾನು ಕತ್ತರಿಸಿದ್ದ ಗೇಣುದ್ದದ ಕೂದಲನ್ನು ಅವರ ಮುಂದಿನ ತಟ್ಟೆಯಲ್ಲಿ ಇಟ್ಟರು.

"ಒಂದೆಳೆ ಮೇಡಮ್ಮೋರು ತೆಗುದವ್ರೆ" ಎಂದರು. "ಇನ್ನೆರಡು ನೀವ್ ತೆಗೀರಿ."